ಕತ್ತರಿಯ ಸಂದಿನಲ್ಲಿ ಇಪ್ಪತ್ತೆರಡು ಗುಂಡು

ಪುಕ್ಕಟೆ ಕೆಲಸ ಮಾಡಿಕೊಡುವವರನ್ನು ಕಂಡರೆ ಮಂಗಳವ್ವನಿಗೆ ಮೈ ಉರಿಯುತ್ತಿತ್ತು. ಬ್ಯಾಡಗಿಯ ಸ್ಟೇಷನ್ ರಸ್ತೆಯಲ್ಲಿ ಜಂಪರು ಹೊಲಿಯುವ ಅಂಗಡಿ ಅವಳದು. ಎಳೆತನದಲ್ಲೇ ಪೋಲಿಯೋ ಬಂದು ಎರಡೂ ಕಾಲು ಸೊರಗಿದ್ದವು. ಅಂಗಡಿಯೊಳಗೆ ಊರುಗೋಲು, ಹೊರಗೆ ಹೊರಟರೆ ಕೈಯಿಂದ ಪೆಡಲು ತಿರುಗಿಸುವ ಮೂರು ಗಾಲಿಯ ಸೈಕಲ್ಲು.

ಎರಡು ಸಾವಿರದ ಆರನೇ ಇಸವಿ, ಮೆಣಸಿನಕಾಯಿ ಸುಗ್ಗಿಯ ಹೊತ್ತು. ಆ ಪೆಡಲಿನ ಅಚ್ಚು ಕಟಕಟ ಎನ್ನತೊಡಗಿತು. ನಾಲ್ಕಂಗಡಿ ಆಚೆ ಸುನೀಲಕುಮಾರನ ಸೈಕಲ್ ಅಂಗಡಿ. ಅವನು ಅಚ್ಚು ಬಿಚ್ಚಿ, ಒಳಗಿನ ಉಕ್ಕಿನ ಗುಂಡುಗಳಲ್ಲಿ ಸಿಪ್ಪೆ ಎದ್ದ ಮೂರನ್ನು ಎಸೆದ. ಡಬ್ಬಿಯೊಳಗೆ ಕೈ ಹಾಕಿ ಸಿಕ್ಕ ಮೂರು ಹೊಸ ಗುಂಡು ತುರುಕಿ, ಗ್ರೀಸು ಬಳಿದು ಮುಚ್ಚಿದ. ಮಂಗಳವ್ವ ರೊಕ್ಕ ಚಾಚಿದರೆ ಕೈ ಹಿಂದಕ್ಕೆ ಸರಿಸಿದ.

"ನಿಮ್ಮಂಥವರ ಕಡೆ ರೊಕ್ಕ ತಗೊಂಡ್ರ ದೇವರು ಮೆಚ್ಚತಾನೇನು ಮಂಗಳಕ್ಕ?"

ಅಂಗಡಿಯಲ್ಲಿ ನಿಂತಿದ್ದ ಗಿರಾಕಿಗಳಿಗೆಲ್ಲ ಕೇಳುವಷ್ಟು ಗಟ್ಟಿಯಾಗಿಯೇ ಹೇಳಿದ. ಪುಣ್ಯವೂ ಬರಬೇಕು, ಅದಕ್ಕೆ ಸಾಕ್ಷಿಯೂ ಇರಬೇಕು ಎನ್ನುವ ಪೈಕಿ ಅವನು.

ಎಂಟು ದಿನಕ್ಕೆ ಮಾರ್ಕೆಟ್ ರಸ್ತೆಯ ನಟ್ಟನಡುವೆ ಪೆಡಲು ಕಚ್ಚಿಕೊಂಡು ನಿಂತಿತು. ಹಿಂದೆ ಮುಂದೆ ಮೆಣಸಿನಕಾಯಿ ಚೀಲದ ಗಾಡಿಗಳು. ನಾಲ್ವರು ಹಮಾಲರು ಅವಳನ್ನು ಸೈಕಲ್ಲು ಸಮೇತ ಎತ್ತಿ, ಚೀಲ ಇಳಿಸಿದ ಹಾಗೆ ರಸ್ತೆಯ ಬದಿಗೆ ಇಳಿಸಿದರು. ನೋಡುತ್ತಿದ್ದವನೊಬ್ಬ ಕಣ್ಣೊರೆಸಿಕೊಂಡ. ಖಾರದ ಘಾಟಿಗೋ, ಕನಿಕರಕ್ಕೋ ತಿಳಿಯಲಿಲ್ಲ. ಯಾವುದಕ್ಕಾದರೂ ಆ ಮುಖಕ್ಕೆ ಉಗುಳಬೇಕು ಅನ್ನಿಸಿತು ಅವಳಿಗೆ.

ಸೈಕಲ್ಲು ನೂಕಿಸಿಕೊಂಡು ತನ್ನ ಅಂಗಡಿಗೆ ಬಂದು, ಪಕ್ಕದ ಬಳೆ ಅಂಗಡಿಯ ನಜ್ಮಾಳನ್ನು ಕರೆದು, ನಟ್ಟು ತಿರುಗಿಸುವ ಪಾನಾ ಹಿಡಿಸಿ, ಅಚ್ಚನ್ನು ತಾನೇ ಬಿಚ್ಚಿದಳು. ತಾಟಿಗೆ ಸುರಿದರೆ ಒಂದು ಗುಂಡು ಎರಡು ಹೋಳಾಗಿತ್ತು. ಹೊಸ ಮೂರರಲ್ಲಿ ಒಂದು ಅದು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯನ್ನು ತುಸುವೇ ಬಾಯಿ ತೆರೆಸಿ, ಅಲುಗಾಡದಂತೆ ಹಿಡಿಗೆ ದಾರ ಸುತ್ತಿದಳು. ತುದಿಯ ಕಡೆಗೆ ತುಸು ಇಳಿಜಾರು ಮಾಡಿ ಎರಡು ಅಲಗುಗಳ ನಡುವೆ ಒಂದೊಂದೇ ಗುಂಡು ಉರುಳಿಬಿಟ್ಟಳು. ಹಳೆಯವು ಬೇಗ ಸಂದಿನಿಂದ ಉದುರಿದವು. ಹೊಸವು ಮುಂದೆ, ಸಂದು ಅಗಲವಾದಲ್ಲಿ ಹೋಗಿ ಬಿದ್ದವು. ದಪ್ಪ ಹೆಚ್ಚು ಎಂದರ್ಥ. ಸವೆದವುಗಳ ನಡುವೆ ಸೇರಿಕೊಂಡ ಆ ಮೂರೇ ಇಷ್ಟು ದಿನ ಅಷ್ಟೂ ಭಾರ ಹೊತ್ತಿದ್ದವು. ಒಡೆಯದೆ ಏನು ಮಾಡಿಯಾವು?

ತಾಟನ್ನು ನಜ್ಮಾಳ ಕೈಗೆ ಕೊಟ್ಟು, ಊರುಗೋಲು ಊರುತ್ತ ಸುನೀಲಕುಮಾರನ ಎದುರಿಗೆ ಹೋದಳು.

"ಗುಂಡು ಅಂದ್ರ ಗುಂಡು, ಅಕ್ಕ. ಕೂದಲೆಳಿ ಫರಕಿಗೆ ಏನಾಗತೈತಿ?" ಎಂದ ಅವನು.

"ಕೂದಲೆಳಿ ಫರಕು ಬಿದ್ರ ನಾ ಹೊಲಿದ ಜಂಪರಿನ ತೋಳು ಮ್ಯಾಲ ಏರೂದಿಲ್ಲ. ನಿನಗ ಅಷ್ಟೂ ತಿಳ್ಯಾಂಗಿಲ್ಲೇನು?"

"ಪುಕ್ಕಟೆ ಮಾಡಿಕೊಟ್ಟದ್ದಕ್ಕ ಇಷ್ಟು ಮಾತಾ?"

"ಅದಕ್ಕ ನೀ ಪುಕ್ಕಟೆ ಮಾಡಿದ್ದು. ರೊಕ್ಕ ತಗೊಂಡಿದ್ರ ನಿನ್ನ ಕೊಳ್ಳಪಟ್ಟಿ ಹಿಡದು ಕೇಳತಿದ್ದೆ."

ಅವನು ಗಿರಾಕಿಗಳತ್ತ ನೋಡಿ ನಕ್ಕ. ಇಂಥವನ ಮೇಲೆ ಸಿಟ್ಟು ಖರ್ಚು ಮಾಡುವುದೂ ದಂಡ ಎಂದುಕೊಂಡು ಅವಳು ಹೊರಬಂದಳು.

ಮರುದಿನ ನಜ್ಮಾಳ ಜೊತೆ ಬಸ್ಸು ಹತ್ತಿ ರಾಣೆಬೆನ್ನೂರಿಗೆ ಹೋದಳು. ಸೈಕಲ್ ಸಾಮಾನಿಗೆ ಫಕ್ರುದ್ದೀನ ಸಾಹೇಬರದು ಅಲ್ಲಿ ಹಳೆಯ ಅಂಗಡಿ. ಅರವತ್ತು ದಾಟಿದ ಆಸಾಮಿ. ಗಿರಾಕಿಯ ಮುಖ ನೋಡಿದರೆ ತನ್ನ ಬೆಲೆ ಇಳಿದೀತು ಎಂಬಂತೆ ಕೂತಿದ್ದ.

"ಎಷ್ಟು ಡಜನ್?" ಎಂದು ಕೇಳಿದ, ತಲೆ ಎತ್ತದೆ.

"ಪಾವು ಇಂಚಿನವು, ಇಪ್ಪತ್ತೆರಡು. ಆರಿಸಿ ತಗೋತೀನಿ."

"ಆರಿಸಾಕ ಇದೇನು ಬದನೀಕಾಯಿ ಸಂತಿ ಏನು ತಂಗಿ?"

ಎನ್ನುತ್ತಲೇ ಪಳಪಳ ಹೊಳೆಯುವ ಗುಂಡುಗಳ ಡಬ್ಬಿ ಮುಂದೆ ನೂಕಿದ. ಮಂಗಳವ್ವ ಬಾಕಿನ ಮೇಲೆ ಕೂತು, ಚೀಲದಿಂದ ಕತ್ತರಿ ತೆಗೆದು, ಕೆಳಗೆ ಅರಿವೆ ಹಾಸಿದಳು. ಒಂದೊಂದೇ ಗುಂಡು ಉರುಳಿಸಿ, ಬಿದ್ದ ಜಾಗಕ್ಕೆ ಅಲಗಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತ ಹೋದಳು. ಫಕ್ರುದ್ದೀನ ಮೊದಲು ನಕ್ಕ. ಆಮೇಲೆ ಕನ್ನಡಕ ಏರಿಸಿದ. ನಲವತ್ತು ಉರುಳಿಸಿದರೂ ಒಂದೇ ಗೆರೆಯಲ್ಲಿ ಬಿದ್ದವು ಹದಿನಾಲ್ಕು ಮಾತ್ರ. ಉಳಿದವು ಮನಸ್ಸಿಗೆ ಬಂದಲ್ಲಿ ಬಿದ್ದವು.

"ನಾಕು ಕಡಿ ಮಾಲು ಕೂಡಿಸೀರಿ ಇದರಾಗ," ಎಂದಳು.

ಅವನು ಎದ್ದು ಹೋಗಿ, ಹಿಂದಿನ ಕಪಾಟಿನಿಂದ ಎಣ್ಣೆಕಾಗದ ಸುತ್ತಿದ ಪೆಟ್ಟಿಗೆ ತಂದಿಟ್ಟ. ಅದರ ಗುಂಡುಗಳಿಗೆ ಅಂಥ ಹೊಳಪಿರಲಿಲ್ಲ. ಆದರೆ ಉರುಳಿಸಿದ ಇಪ್ಪತ್ತೆರಡೂ ಒಂದೇ ಗೆರೆಯ ಮೇಲೆ ಬಿದ್ದವು.

"ಇವನ್ನ ಮೊದಲ ಯಾಕ ಕೊಡ್ಲಿಲ್ರಿ?"

"ಮಂದಿ ಹೊಳಪು ನೋಡ್ತಾರ. ಅವರಿಗೆ ಹೊಳಪು ಕೊಡ್ತೀನಿ. ಹಿಂಗ ಕೇಳಾವ್ರು ಯಾರದಾರ?"

ಅವಳಿಗೆ ಅರೆಗಳಿಗೆ ಹುಟ್ಟಿದ್ದ ಗೌರವ ಅಲ್ಲೇ ಸತ್ತಿತು. ಸುನೀಲಕುಮಾರ ತಿಳಿಯದ ಕತ್ತೆ. ಈತನಿಗೆ ಎಲ್ಲ ತಿಳಿದಿತ್ತು. ತಿಳಿದೂ ಒಳ್ಳೆಯದನ್ನು ಕಪಾಟಿನಲ್ಲಿಟ್ಟು ಕಸವನ್ನು ಮುಂದಿಟ್ಟುಕೊಂಡು ಕೂತಿದ್ದ. ಇಬ್ಬರಲ್ಲಿ ಯಾರು ಕೀಳು ಎಂದು ತೂಗಿ ನೋಡಿದಳು. ತಕ್ಕಡಿ ಈತನ ಕಡೆಗೇ ವಾಲಿತು.

ಆದರೆ ಕೆಲಸ ಬಲ್ಲ ಕೈ ಅದು, ಅದನ್ನು ಅಲ್ಲಗಳೆಯುವಂತಿರಲಿಲ್ಲ. ಅವಳು ತಂದಿದ್ದ, ಗುಂಡುಗಳು ಕೂರುವ ಉಕ್ಕಿನ ವಾಟಿಗಳನ್ನು ಇಸಿದುಕೊಂಡು ಒಳಗೆ ಉಗುರು ಆಡಿಸಿದ. ಒಂದರಲ್ಲಿ ಉಗುರು ತಡೆಯಿತು.

"ಇದು ಹೋಗೇತಿ. ಇದರಾಗ ಹೊಸಾ ಗುಂಡು ಹಾಕಿದ್ರ ತಿಂಗಳದಾಗ ಅವೂ ಹೋಗ್ತಾವು," ಎಂದು ಹೊಸ ವಾಟಿ ಕೊಟ್ಟ. "ಒಂದು ಬದಿಗೆ ಹನ್ನೊಂದು ಹಾಕು. ಜಾಗಾ ಐತಿ ಅಂತ ಹನ್ನೆರಡು ಗಿಡೀಬ್ಯಾಡ. ರೊಕ್ಕ ಬ್ಯಾಡ ತಂಗಿ. ನಿನ್ನ ಕಾಲು ನೋಡಿ ಅಲ್ಲ, ಕಣ್ಣು ನೋಡಿ ಕೊಟ್ಟೀನಿ."

ಆ ಮಾತಿಗೆ ಅವಳ ಮನಸ್ಸು ಒಂದು ಚಣ ಮೆತ್ತಗಾಯಿತು. ಇಷ್ಟು ವರ್ಷದಲ್ಲಿ ಕಾಲು ಬಿಟ್ಟು ಬೇರೆ ಏನನ್ನಾದರೂ ನೋಡಿದವರು ಎಷ್ಟು ಮಂದಿ? ಆದರೂ ನೋಟು ಮಡಿಸಿ ಡಬ್ಬಿಯ ಕೆಳಗಿಟ್ಟಳು.

"ತಗೊಳ್ರಿ ಸಾಹೇಬ್ರ. ನಾಳೆ ಕೆಟ್ರ ಕೇಳಾಕ ಬರಬೇಕಲ್ಲ ನಾ."

ಅಂಗಡಿಗೆ ಬಂದು ವಾಟಿಗೆ ಗ್ರೀಸು ತುಂಬಿ, ಗುಂಡುಗಳನ್ನು ಒಂದರ ಪಕ್ಕ ಒಂದು ಕೂರಿಸಿದಳು. ನಜ್ಮಾ ಬಗ್ಗಿ ನೋಡಿ, "ಸಂದು ಕಾಣ್ತೈತಲ್ಲಕ್ಕ, ಇನ್ನೊಂದು ಹಿಡೀತೈತಿ" ಎಂದಳು. "ಉರುಳಾಕ ಜಾಗಾ ಬೇಕವ್ವ ಅವಕ್ಕ" ಎಂದು ಮಂಗಳವ್ವ ವಾಟಿ ತಿರುವಿ ಬಿಗಿದಳು. ಪೆಡಲಿಗೆ ಕೈ ಕೊಟ್ಟರೆ ಸದ್ದಿಲ್ಲದೆ ತಿರುಗಿತು. ಕೈ ಬಿಟ್ಟ ಮೇಲೂ ತಿರುಗುತ್ತಲೇ ಇತ್ತು. ಅವಳು ಅದನ್ನೇ ನೋಡುತ್ತ ಕೂತಳು. ಎರಡು ದಿನದಿಂದ ಗಂಟಾಗಿದ್ದ ಹುಬ್ಬು ಸಡಿಲಾಯಿತು.

ಮರುದಿನ ಮುಂಜಾನೆ ಕದರಮಂಡಲಗಿಯ ಮದುವೆ ಮನೆಗೆ ಹೊಲಿದಿಟ್ಟ ಜಂಪರುಗಳನ್ನು ಕೊಡಲು ಹೊರಟಳು. ಊರು ದಾಟಿ ಏರು ಶುರುವಾಗುವಲ್ಲಿ, ಸೈಕಲ್ಲು ಇದ್ದಕ್ಕಿದ್ದಂತೆ ತಾನಾಗಿ ಜೋರಾಯಿತು. ತಿರುಗಿ ನೋಡಿದರೆ ಮೆಣಸಿನಕಾಯಿ ದಲಾಲಿ ಪ್ರಭುಲಿಂಗಪ್ಪ. ಮೋಟರ್ ಸೈಕಲ್ಲಿನ ಮೇಲೆ ಕೂತು, ಚಪ್ಪಲಿ ಕಾಲನ್ನು ಅವಳ ಸೀಟಿನ ಹಿಂದೆ ಊರಿ ನೂಕುತ್ತಿದ್ದ. ಮುಖದ ತುಂಬ ಧರ್ಮ.

ಮಂಗಳವ್ವ ಬ್ರೇಕು ಹಿಡಿದಳು. ಅವನ ಗಾಡಿ ಓಲಾಡಿ, ಬೀಳುವುದರಲ್ಲಿ ನಿಂತಿತು.

"ಏರು ಐತಿ, ಕೈ ಸೋತಾವು ಅಂತ ನೂಕಿದೆವ್ವ," ಎಂದ.

"ನಾ ಕರದೆನೇನ್ರಿ? ಕಾಲು ತೆಗೀರಿ."

"ಒಳ್ಳೇದು ಮಾಡಾಕ ಬಂದ್ರ ಹಿಂಗ ಅಂತೀಯಲ್ಲ!"

"ಒಳ್ಳೇದು ಮಾಡಾವ್ರು ಕಾಲಿಲೆ ಮಾಡೂದಿಲ್ರಿ."

ಪ್ರಭುಲಿಂಗಪ್ಪ ಏನೋ ಗೊಣಗುತ್ತ ಧೂಳೆಬ್ಬಿಸಿ ಹೋದ. ಧೂಳು ಕೂರುವ ತನಕ ತಡೆದು, ಜಂಪರಿನ ಗಂಟನ್ನು ಸೆರಗಿನಿಂದ ಝಾಡಿಸಿ, ಅವಳು ಪೆಡಲು ಹಿಡಿದಳು. ಏರು ಹತ್ತುವಾಗ ತೋಳು ನೋವಾದವು. ಎರಡು ಕಡೆ ನಿಂತು ದಮ್ಮು ತಗೊಂಡಳು. ಬಿಸಿಲು ಚುರುಕಾಗುವ ಮೊದಲೇ ಕದರಮಂಡಲಗಿ ಸೇರಿ, ಮದುವೆ ಮನೆಯ ಬಾಗಿಲಲ್ಲಿ ಸೈಕಲ್ಲಿನ ಗಂಟೆ ಬಾರಿಸಿದಳು.