ತುಕ್ಕಿನ ಕೈ

ನಾನು ಒಂದು ಆಯಿಲ್ ಫಿಲ್ಟರ್. ತಗಡಿನ ಡಬ್ಬಿ, ಒಳಗೆ ಮಡಿಕೆ ಮಡಿಕೆಯಾದ ಕಾಗದ, ಬಾಯಿಗೊಂದು ರಬ್ಬರ್ ಬಳೆ. ಕಾರ್ಖಾನೆಯಲ್ಲಿ ಹುಟ್ಟಿ, ರಟ್ಟಿನ ಪೆಟ್ಟಿಗೆಯ ಕತ್ತಲಲ್ಲಿ ಗದಗಿಗೆ ಬಂದೆ.

ಅಲ್ಲಿ ಒಂದು ಗ್ಯಾರೇಜಿನಲ್ಲಿ ನನ್ನನ್ನು ಹೊರತೆಗೆದವನು ಗೈಬುಸಾಬ, ಮುದುಕ ಮೆಕ್ಯಾನಿಕ್. ಹಿಂದೊಮ್ಮೆ ಚೈನಿಗೆ ಸಿಕ್ಕು ಅವನ ಬಲಗೈ ಉಂಗುರ ಬೆರಳು ಅರ್ಧ ಹೋಗಿತ್ತು. ಫಿಲ್ಟರನ್ನು ಅವನು ಬರಿಗೈಯಲ್ಲೇ ತಿರುಗಿಸಿ, ಕೂತಿತು ಅನಿಸಿದೊಡನೆ ಬಿಡುವವನು. ಆ ದಿನ ಮಾತ್ರ ಒಬ್ಬ ಮಾಸ್ತರರ ಮೋಟಾರ್ ಸೈಕಲ್ಲಿಗೆ ನನ್ನನ್ನು ಹಚ್ಚಿ ಬಿಗಿಯುತ್ತಲೇ ಹೋದ. ನಾನು ಕೂತಾಗಿತ್ತು, ಅವನು ನಿಲ್ಲಿಸಲಿಲ್ಲ. ಬೆವರಿದ ಅಂಗೈ ತಣ್ಣಗಿತ್ತು.

“ದಸ್ತಗೀರಾ, ಬಂದು ಹಿಡಿಯೋ. ಇದು ಕುಂತೈತೋ ಇಲ್ಲೋ ಗೊತ್ತಾಗವಲ್ದು,” ಎಂದು ಮಗನನ್ನು ಕರೆದ.

“ದಿನಾ ಮಾಡೋ ಕೆಲಸ, ನೀನ ಮಾಡಪಾ,” ಎಂದು ಮಗ ಚಹಾಕ್ಕೆ ಹೋದ.

ತಿರುಗಿ ಬರುವಷ್ಟರಲ್ಲಿ ಗೈಬುಸಾಬ ಗಾಡಿಯ ಪಕ್ಕದಲ್ಲೇ ಬಿದ್ದಿದ್ದ. ಮರುದಿನ ತೀರಿಕೊಂಡನಂತೆ.

ಮಾಸ್ತರರು ಎರಡು ವರ್ಷ ನನ್ನನ್ನು ಬದಲಿಸಲೇ ಇಲ್ಲ. ಆಮೇಲೆ ಗಾಡಿಯನ್ನು ನರ್ಸ್ ಕಸ್ತೂರಿಗೆ ಮಾರಿದರು. ಅವಳು ಒಂದು ಬೆಳಿಗ್ಗೆ ಅದನ್ನು ಅದೇ ಗ್ಯಾರೇಜಿಗೆ ತಂದಳು.

ದಸ್ತಗೀರ ಫಿಲ್ಟರ್ ಬಿಚ್ಚುವ ಪಟ್ಟಿಯನ್ನು ನನ್ನ ಸುತ್ತ ಹಾಕಿ ತಿರುಗಿಸಿದ, ಪಟ್ಟಿ ಜಾರಿತು. ಸ್ಕ್ರೂಡ್ರೈವರನ್ನು ಸುತ್ತಿಗೆಯಿಂದ ಹೊಡೆದು ನನ್ನ ಒಂದು ಕೆನ್ನೆಯಿಂದ ಇನ್ನೊಂದಕ್ಕೆ ತೂರಿಸಿ ಎಳೆದ. ತಗಡು ಹರಿದು ಕರಿ ಎಣ್ಣೆ ಸುರಿಯಿತು. ನಾನು ಕದಲಲಿಲ್ಲ. ಹಟ ನನ್ನದಲ್ಲ. ಯಾರೋ ಹೊರಗಿನಿಂದ ನನ್ನನ್ನು ಅದುಮಿ ಹಿಡಿದಿದ್ದರು.

ಡೀಸೆಲ್ ಹಾಕಿ ಜಿಡ್ಡು ಒರೆಸಿದವನು ಹಾಗೇ ನಿಂತ. ನನ್ನ ಮೈಮೇಲೆ ತುಕ್ಕು ನಾಲ್ಕು ಬೆರಳಿನ ಆಕಾರದಲ್ಲಿ ಎದ್ದಿತ್ತು. ಒಂದು ಬೆರಳು ಅರ್ಧ.

“ಸಿಸ್ಟರ್, ಇದು ನಮ್ಮಪ್ಪನ ಕೈ.”

“ಬೆವರು ಹತ್ತಿದಲ್ಲೆ ತುಕ್ಕು ಹಿಡಿತೈತ್ರಿ. ಅಂಜಬ್ಯಾಡ್ರಿ,” ಎಂದಳು ಕಸ್ತೂರಿ.

“ಅವತ್ತ ಕರದಿದ್ದ. ನಾ ಹೋಗಲಿಲ್ಲ.”

ಅವನು ತನ್ನ ಬಲಗೈ ಬೆರಳುಗಳನ್ನು ಆ ಗುರುತುಗಳ ಮೇಲಿಟ್ಟು ತಿರುಗಿಸಿದ. ನನಗೆ ಎರಡು ಕೈ ತಿಳಿದವು. ಒಂದು ಬಿಸಿ, ಒಂದು ತಣ್ಣಗೆ. ತುಸು ಹೊತ್ತಿಗೆ ಬಿಸಿಯಿದ್ದದ್ದೂ ತಣ್ಣಗಾಯಿತು.

“ಕೈ ಜೋಮು ಹಿಡೀತ್ರಿ. ಹಿಡಿದದ್ದ ಗೊತ್ತಾಗವಲ್ದು,” ಎಂದು ನಕ್ಕ. ನಗು ಬಾಯಿಯ ಒಂದೇ ಬದಿಗೆ ಬಂತು.

ಕಸ್ತೂರಿ ನಗಲಿಲ್ಲ. “ಎರಡೂ ಕೈ ಮ್ಯಾಲೆ ಎತ್ರಿ!” ಎಂದಳು. ಬಲಗೈ ಏಳಲಿಲ್ಲ. ಚಪ್ಪಲಿ ಮೆಟ್ಟಲೂ ಬಿಡದೆ ಅವನನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದಳು. ಲಕ್ವಾ ಹೊಡೆದಿತ್ತು. ಅಷ್ಟು ಬೇಗ ಹೋದದ್ದಕ್ಕೇ ಅವನು ಉಳಿದ.

ಗಾಡಿ ಗ್ಯಾರೇಜಿನಲ್ಲೇ ನಿಂತಿತ್ತು. ಎರಡು ತಿಂಗಳಾದ ಮೇಲೆ ಅವನು ಕೋಲೂರಿಕೊಂಡು, ಕಸ್ತೂರಿಯ ಜೊತೆ ಬಂದು ನನ್ನೆದುರು ಕೂತ. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಎಡಗೈಯನ್ನು ನನ್ನ ಮೇಲಿಟ್ಟು, ತೊದಲುತ್ತ, “ಅಪ್ಪಾ, ಬಂದೀನಿ. ಇನ್ನ ಬಿಡು,” ಎಂದ.

ನಾನು ಡಬ್ಬಿಯ ಮುಚ್ಚಳದಂತೆ ತಿರುಗಿ ಬಂದುಬಿಟ್ಟೆ.

“ಡೀಸೆಲ್ ಒಳಗ ಇಳದಿರಬೇಕ್ರಿ,” ಎಂದಳು ಕಸ್ತೂರಿ. ಇರಬಹುದು.

ಈಗ ನಾನು ಕಿಟಕಿಯ ಗೂಡಿನಲ್ಲಿದ್ದೇನೆ, ಹರಿದ ಖಾಲಿ ಡಬ್ಬಿ. ಹಿಡಿದ ಕೈಗೂ ಬಿಡಲು ಯಾರಾದರೂ ಹೇಳಬೇಕೇನೋ ಎಂದುಕೊಳ್ಳುತ್ತೇನೆ. ಕೆಳಗೆ ದಸ್ತಗೀರ ಎಡಗೈಯಲ್ಲಿ ಕೆಲಸ ಕಲಿಯುತ್ತಿದ್ದಾನೆ. ಆ ಕೈ ಬಹಳ ಬೇಗ ಕಲಿಯುತ್ತಿದೆ, ಎಲ್ಲವನ್ನೂ ಮೊದಲೇ ಬಲ್ಲದ್ದರ ಹಾಗೆ.