ಹೊತ್ತು ಮುಳುಗುವ ಮುಂಚೆ

ಬಸ್ತಿಹಳ್ಳಿಯ ಕಾಂಚನಮಾಲಾ ಟೀಚರ್ ಮನೆಯ ಜಗಲಿಯ ಮೇಲೆ ಗುರುವಾರ ಮಧ್ಯಾಹ್ನ ಹೆಂಗಸರ ಇಂಗ್ಲಿಷ್ ಕೂಟ ಸೇರುತ್ತಿತ್ತು. ಬೇರೆ ದೇಶಗಳಿಂದ ಬಂದು ಹಳೇಬೀಡಿನ ಸುತ್ತ ಸಂಸಾರ ಹೂಡಿದ ನಾಲ್ಕೈದು ಮಂದಿ. ಗೈಡ್ ಇಂದುಧರನ ಕೈಹಿಡಿದ ಫಿಲಿಪೀನ್ಸಿನ ಮರಿಸೆಲ್‌ಗೆ ಮಾತು ಅರಳು ಹುರಿದಂತೆ, ಕನ್ನಡವೂ ಸಲೀಸು. ನೇಪಾಳದ ಬಿಮಲಾ ಮಾತ್ರ ಬಾಯಿ ಬಿಟ್ಟರೆ ಬೆವರುತ್ತಿದ್ದಳು.

ನಿಜ ಹೇಳಬೇಕೆಂದರೆ ಬಿಮಲಾಗೆ ಬೇಕಾಗಿದ್ದದ್ದು ಇಂಗ್ಲಿಷ್ ಅಲ್ಲ, ಮನೆಗೆ ಬಂದು ತನ್ನ ಕೈಯಡುಗೆ ಉಂಡುಹೋಗುವ ಒಬ್ಬ ಗೆಳತಿ. ಗಂಡ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಊರಿಗೆಲ್ಲ ಬೇಯಿಸುತ್ತಿದ್ದ. ಇವಳ ಬಾಡಿಗೆ ಕೋಣೆಯಲ್ಲಿ ಎರಡು ವರ್ಷದಿಂದ ಒಬ್ಬರೂ ತಟ್ಟೆಯ ಮುಂದೆ ಕೂತಿರಲಿಲ್ಲ. ಟೀಚರ್ ತನ್ನ ತಪ್ಪಿಗೆ ನಗುವುದಿಲ್ಲವೆಂದು ಅವರ ಮೇಲೆಯೇ ಅವಳ ಆಸೆ.

ವಾರವಿಡೀ ಬಾಯಿಪಾಠ ಮಾಡಿ ಒಂದು ಗುರುವಾರ ಕೇಳಿಯೇಬಿಟ್ಟಳು, ನಾಳೆ ರಾತ್ರಿ ಏಳಕ್ಕೆ ಊಟಕ್ಕೆ ಬರುತ್ತೀರಾ ಎಂದು. ಟೀಚರ್ ಕೊಂಚ ತಡೆದು, ಆಗಲಿ ಅಂದರು.

ಬಂದರು ಕೂಡ. ಅನ್ನ, ಬೇಳೆ, ಎಳ್ಳು ಹಾಕಿ ಕಲಸಿದ ಆಲೂಗಡ್ಡೆ, ಮೂಲಂಗಿ ಪಲ್ಯ. ಟೀಚರ್ ಎಲ್ಲವನ್ನೂ ಹೊಗಳಿದರು, ಒಂದಗುಳೂ ಮುಟ್ಟಲಿಲ್ಲ.

“ಹೊಟ್ಟೆ ತುಂಬಿದೆ ಕಣಮ್ಮ,” ಎಂದು ಎದ್ದರು.

ಬಿಮಲಾಗೆ ಎದೆ ಒಡೆಯಿತು. ಎಲ್ಲಿಂದಲೋ ಬಂದವಳ ಮನೆಯಲ್ಲಿ ಯಾರು ಉಣ್ಣುತ್ತಾರೆ? ಮೂರು ಗುರುವಾರ ಕೂಟದತ್ತ ಸುಳಿಯಲಿಲ್ಲ. ಉಡುಪಿಯಲ್ಲಿ ಕೆಲಸ ಸಿಗುತ್ತೆ, ಹೋಗೋಣವೇ ಎಂದು ಗಂಡ ಕೇಳಿದಾಗ, “ನಡಿ, ಇಲ್ಲಿ ನನ್ನೋರು ಯಾರಿದ್ದಾರೆ?” ಅಂದಳು. ಅವನು ಹೋಟೆಲ್ ಕೆಲಸ ಬಿಟ್ಟ. ಅವನ ಜಾಗಕ್ಕೆ ಬೇರೊಬ್ಬ ಬಂದೂ ಆಯಿತು.

ಹುಡುಕಿಕೊಂಡು ಬಂದ ಮರಿಸೆಲ್ ವಿಷಯ ಕೇಳಿ ಹಣೆ ಚಚ್ಚಿಕೊಂಡಳು.

“ಅಯ್ಯೋ ಹುಚ್ಚಿ, ಅವ್ರು ಜೈನ್ರು ಕಣೇ! ಹೊತ್ತು ಮುಳುಗಿದ್ಮೇಲೆ ಉಣ್ಣಲ್ಲ, ಗೆಡ್ಡೆಗೆಣಸು ಮುಟ್ಟಲ್ಲ. ನಮ್ಮನೇಲೂ ಹಂಗೇ ಎದ್ದುಹೋಗಿದ್ರು. ನಿಂಗೆ ಬೇಜಾರಾಗುತ್ತೆ ಅಂತ ಹೇಳಿರಲ್ಲ.”

ಹತ್ತು ಜನರ ಬಾಯಿ ಬಿಡಿಸುವ ಟೀಚರಮ್ಮನಿಗೆ ತಮ್ಮ ಮನೆಯ ಪದ್ಧತಿ ಹೇಳಲು ಬಾಯಿಲ್ಲದೆ ಹೋಯಿತು, ನೋಡಿ! ಒಳ್ಳೆಯವರ ಸಂಕೋಚವೂ ಒಮ್ಮೊಮ್ಮೆ ಮನೆ ಮುರಿಯುತ್ತದೆ.

ಭಾನುವಾರಕ್ಕೆ ಟೀಚರನ್ನು ಮತ್ತೆ ಕರೆದು, ಬಿಮಲಾ ಬಿಸಿಲಿರುವಾಗಲೇ ಒಲೆ ಹಚ್ಚಿದಳು. ಹೀರೇಕಾಯಿ, ಹೆಸರುಬೇಳೆ; ಈರುಳ್ಳಿಯೂ ಇಲ್ಲ. ನಾಲ್ಕೂವರೆಗೆ ಟೀಚರ್ ಬಂದು ಕೂತರು, ಕಲಸಿ ಉಂಡರು, ಕೇಳಿ ಹಾಕಿಸಿಕೊಂಡರು. ಎರಡು ವರ್ಷ ಕಾದಿದ್ದ ಆಸೆ ಎದುರಿಗೇ ಕೂತು ಉಣ್ಣುತ್ತಿರುವುದನ್ನು ನೋಡಿ ಬಿಮಲಾಳ ಕಣ್ಣು ತುಂಬಿತು.

“ಎಷ್ಟು ರುಚಿ ಮಾಡ್ತೀಯೇ! ಇನ್ಮೇಲೆ ಗುರುವಾರ ಕೂಟ ಮುಗಿಸ್ಕೊಂಡು ಇಲ್ಲೇ ಉಂಡ್ಬಿಡ್ತೀನಿ. ಆಗುತ್ತೇನೇ?”

ಬಿಮಲಾ ಹೂಂ ಅಂದಳು. ಮಂಗಳವಾರ ತಾವು ಉಡುಪಿಗೆ ಹೊರಡುವ ಬಸ್ಸಿನ ಮಾತೆತ್ತಿದರೆ ಟೀಚರ್ ಎಲ್ಲಿ ತುತ್ತು ಅರ್ಧಕ್ಕೆ ಬಿಟ್ಟು ಎದ್ದುಬಿಡುತ್ತಾರೋ ಎಂದು ಹೆದರಿ, ಇನ್ನೊಂದು ಸೌಟು ಅನ್ನ ಬಡಿಸಿದಳು.