ಕಣಜದೊಳಗಿನ ಇಲಿ

ನಲವತ್ತೆರಡು ವರ್ಷದ ಹೆಂಗಸು ನಾನು, ಕಣಜದೊಳಗೆ ಮೊಣಕಾಲು ಮಡಿಚಿ ಕೂತು ಇಲಿಯಂತೆ ಚೀಂ ಚೀಂ ಎನ್ನಬೇಕು. ನಗಬೇಡಿ, ನನ್ನ ರೊಟ್ಟಿ ಅದರಲ್ಲೇ ಇದೆ.

ತಪ್ಪು ನನ್ನದೇ. ತಿಕೋಟಾ ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ನಮ್ಮ ತಂದೆ ಲಾಲಸಾಬ ಮಾಸ್ತರರು ಬೆಕ್ಕು ಇಲಿಯ ನಾಟಕ ಬರೆದಿದ್ದರು. ಎಂಟು ವರ್ಷದ ನಾನೇ ಇಲಿ. ಜನರನ್ನು ಕಂಡದ್ದೇ ಜೀವ ಬಾಯಿಗೆ ಬಂದು, ರಂಗದ ಮೇಲಿದ್ದ ಬಿದಿರಿನ ಕಣಜದೊಳಗೆ ಧುಮುಕಿಬಿಟ್ಟೆ. ನಮ್ಮ ಅಬ್ಬಾ ಅಲ್ಲೇ ಮಕ್ಕಳ ಕಡೆ ತಿರುಗಿ, "ಇಲಿ ಬೆಕ್ಕಿಗೆ ಅಂಜಿ ಒಳಗ ಹೊಕ್ಕಾಳ. ಮೂರು ಸಲ ಕರೀರಿ, ಮಾತಾಡ್ತಾಳ" ಎಂದರು.

"ಇಲಿಯವ್ವಾ, ಒಳಗ ಅದೀಯೇನ ಬೇ?" ಎಂದು ಮಕ್ಕಳು ಕೂಗಿದರು. ಮೂರನೇ ಕೂಗಿಗೆ "ಅದೀನಿ" ಎಂದೆ. ಪರದೆ ಬಿತ್ತು. ಆ ತಪ್ಪೇ ನಾಟಕವಾಗಿ ನಿಂತಿತು, ಆಮೇಲೆ ಚಿತ್ರಗಳ ಪುಸ್ತಕವಾಯಿತು. ಈಗ ನಮ್ಮ ತಂಡ ಅದನ್ನು ಊರೂರಲ್ಲಿ ಆಡುತ್ತದೆ, ಆ ಮಕ್ಕಳ ಮಕ್ಕಳು ಕೂಗುತ್ತಾರೆ.

ನನಗೋ ರಾಣಿಯಾಗಬೇಕು. ಸಾಯುವುದರೊಳಗೆ ಒಮ್ಮೆಯಾದರೂ ಜನ ನನ್ನ ಮುಖ ನೋಡಬೇಕು. ಹೊಸ ನಾಟಕದಲ್ಲಿ ರಾಣಿ ಪಾತ್ರ ಕೇಳಿದರೆ ನಮ್ಮ ತಂಡ ನಡೆಸುವ ಚಂದ್ರಕಾಂತ, "ಜೀನತಕ್ಕಾ, ಹುಡುಗ್ರು ಇಲಿ ಸಾಕು ಅಂದ್ರ ನೀವ ರಾಣಿ. ಇಲ್ಲಂದ್ರ ರಾಣಿ ಪಾತ್ರ ನಮ್ಮ ತಂಡದ ತಸ್ಲೀಮ ಮಾಡ್ತಾಳ್ರಿ" ಎಂದ.

ತಡಿ ಮಗನೇ, ಸಾಕು ಅನ್ನಿಸುತ್ತೇನೆ ಅಂದುಕೊಂಡೆ. ಮೊನ್ನೆ ವಿಜಯಪುರದ ಆಟದಲ್ಲಿ ಮೂರನೇ ಕೂಗಿಗೆ ಬಾಯಿ ಬಿಡಲಿಲ್ಲ. ನಾಲ್ಕನೆಯದಕ್ಕೂ ಇಲ್ಲ. ಒಳಗೆ ಕತ್ತಲು, ಸೆಕೆ, ಸೊಂಟ ಬೇರೆ ಹಿಡಿದಿತ್ತು. ಬೇಸತ್ತು ಎದ್ದುಹೋಗಲಿ ಎಂದು ಹಲ್ಲು ಕಚ್ಚಿ ಕೂತೆ. ಹಾಳಾದ ಮಕ್ಕಳು ಏಳಲೇ ಇಲ್ಲ. ಕೂಗಿ ಕೂಗಿ ಸಣ್ಣವರು ಅಳತೊಡಗಿದರು.

ಯಾರೋ ರಂಗದ ಮೇಲೆ ಓಡಿಬಂದ ಸಪ್ಪಳ. ಜೋಳ ತೆಗೆಯಲು ಕಣಜದ ಬುಡದಲ್ಲಿ ಬಿಡುವ ತೂತಿಗೆ ತುರುಕಿದ್ದ ಅರಿವೆ ಕಿತ್ತು, ಒಂದು ಪುಟ್ಟ ಕೈ ಒಳಗೆ ಬಂತು. ಅದರಲ್ಲಿ ಅರ್ಧ ಕಚ್ಚಿದ ಶೇಂಗಾ ಉಂಡೆ.

"ಹಸಿವಾಗೇತೇನ ಬೇ? ತಿನ್ನು," ಎಂದಿತು ಹುಡುಗಿಯ ಧ್ವನಿ. "ಹೊರಗ ಬರಬ್ಯಾಡ, ಬೆಕ್ಕು ಐತಿ. ಅದೀನಿ ಅಂತ ಅಷ್ಟ ಹೇಳು."

ನನ್ನ ಹಟ ಅಲ್ಲೇ ಸತ್ತಿತು. ಸಿಟ್ಟೂ ಬಂತು, ಅಳುವೂ ಬಂತು. ಉಂಡೆ ಬಾಯಿಗೆ ಹಾಕಿಕೊಂಡು "ಅದೀನಿ" ಎಂದೆ. ಚಪ್ಪಾಳೆಗೆ ಕಣಜವೇ ನಡುಗಿತು.

ಸಾಮಾನು ಟೆಂಪೋಗೆ ಏರಿಸುವಾಗ ಚಂದ್ರಕಾಂತ ಕೇಳಿದ, "ಯಾಕ್ರೀ ಅಕ್ಕಾ, ಮಾತು ಮರ್ತಿದ್ರೇನು?"

"ಹೂಂ," ಎಂದೆ. "ನಾಳಿ ಬಬಲೇಶ್ವರಕ್ಕ ಎಷ್ಟಕ್ಕ ಹೊರಡೂದು? ಮತ್ತ ಆ ರಾಣಿ ಪಾತ್ರ ತಸ್ಲೀಮಗ ಕೊಟ್ಟಬಿಡ್ರಿ."